ಆರ್‌ಸಿ ಕಾರಿನ ಸ್ಕ್ರೂ ಸಡಿಲವಾಗದಂತೆ ನೋಡಿಕೊಳ್ಳುವುದು ಹೇಗೆ?

ಅಡಿಕೆ ಕೆಲಸ ಮುಗಿದು ತೀರ್ಥಹಳ್ಳಿಯ ನಮ್ಮ ಮನೆ ಅಂಗಳ ಖಾಲಿಯಾಗಿತ್ತು. ಮಕ್ಕಳ ಜೊತೆ ರಿಮೋಟ್ ಕಾರು ಓಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಕಾರು ನಿಂತುಬಿಟ್ಟಿತು. ಮೋಟಾರ್ ಮಾತ್ರ ಕಿರ್ರೋ ಅಂತ ಕೂಗುತ್ತಲೇ ಇತ್ತು. ಬಿಚ್ಚಿ ನೋಡಿದರೆ ಪಿನಿಯನ್, ಅಂದರೆ ಮೋಟಾರ್ ಶಾಫ್ಟಿಗೆ ಕೂರಿಸಿದ ಪುಟ್ಟ ಗೇರಿನ ಸಣ್ಣ ಸ್ಕ್ರೂ ಸಡಿಲವಾಗಿದೆ. ಶಾಫ್ಟ್ ತಿರುಗುತ್ತಿದೆ, ಗೇರು ತಿರುಗುತ್ತಿಲ್ಲ. ಜೋಳದ ಕಾಳಿಗಿಂತ ಚಿಕ್ಕ ಸ್ಕ್ರೂ ಅದು.

ನಮ್ಮ ಕಡೆಯ ಜಂಬಿಟ್ಟಿಗೆ ನೆಲ, ಬೇರು, ಕಲ್ಲಿನ ಮೇಲೆ ಕಾರು ಒಂದೇ ಸಮ ಕುಲುಕುತ್ತದೆ. ಬಿಗಿದ ಎರಡು ಭಾಗಗಳು ಅಡ್ಡಡ್ಡ ಒಂದಿಷ್ಟೇ ಜಾರಿದರೂ ಸಾಕು, ಸ್ಕ್ರೂ ತಾನಾಗಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹಾಗಂತ ಎಲ್ಲವನ್ನೂ ಜಾಸ್ತಿ ಟೈಟ್ ಮಾಡಿದರೆ ಆಗಲ್ಲ. ಸ್ಕ್ರೂ ಯಾವುದರೊಳಗೆ ಹೋಗುತ್ತಿದೆ ಅನ್ನುವುದನ್ನು ಮೊದಲು ನೋಡಬೇಕು.

ಮೊದಲು ಸಲಕರಣೆ. 1/10 ಅಳತೆಯ, ಅಂದರೆ ನಿಜ ಕಾರಿನ ಹತ್ತನೇ ಒಂದರಷ್ಟಿರುವ ಕಾರುಗಳಲ್ಲಿ ಹೆಚ್ಚಿನವು ಎಂ3 (3 ಮಿ.ಮೀ. ದಪ್ಪದ) ಸ್ಕ್ರೂ. 1.5, 2 ಮತ್ತು 2.5 ಮಿ.ಮೀ. ಅಲೆನ್ ಕೀ, ಚಕ್ರದ ಎಂ4 ನಟ್ಟಿಗೆ 7 ಮಿ.ಮೀ. ಬಾಕ್ಸ್ ಸ್ಪ್ಯಾನರ್ ಇದ್ದರೆ ಸಾಕು. ತುದಿ ಸವೆದ ಕೀ ಬಳಸಲೇಬೇಡಿ. ಅದು ಸ್ಕ್ರೂವಿನ ತಲೆಯನ್ನೂ ಹಾಳು ಮಾಡುತ್ತದೆ.

ಲೋಹದೊಳಗೆ ಲೋಹ ಹೋಗುವ ಕಡೆ, ಅಂದರೆ ಮೋಟಾರ್ ಕೂರಿಸುವ ಸ್ಕ್ರೂ, ಪಿನಿಯನ್ ಸ್ಕ್ರೂ ಇಂಥವಕ್ಕೆ ಥ್ರೆಡ್ ಲಾಕರ್ ಬೇಕು, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು ಅದು. ಥ್ರೆಡ್‌ನಲ್ಲಿ, ಅಂದರೆ ಸ್ಕ್ರೂವಿನ ಸುರುಳಿ ಗೆರೆಯಲ್ಲಿ ಎಣ್ಣೆಪಸೆ ಇದ್ದರೆ ಅದು ಹಿಡಿಯುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿಸಿ, ತುದಿಯ ಎರಡು ಮೂರು ಸುತ್ತಿಗೆ ಸಣ್ಣ ಹನಿ ಹಚ್ಚಿ. ನೀಲಿ ಬಣ್ಣದ್ದನ್ನೇ ತನ್ನಿ. ಕೆಂಪಿನದನ್ನು ಬಿಚ್ಚಲು ಚೆನ್ನಾಗಿ ಕಾಯಿಸಬೇಕಾಗುತ್ತದೆ, ಕಾರಿಗೆ ಅದು ಬೇಡ. ಗಾಳಿ ಇಲ್ಲದೆ, ಲೋಹ ತಾಗಿದಾಗ ಮಾತ್ರ ಈ ಅಂಟು ಗಟ್ಟಿಯಾಗುವುದು. ಪೂರ್ತಿ ಹಿಡಿಯಲು 24 ಗಂಟೆ ಬಿಡಿ. ಹಚ್ಚಿದ ಕೂಡಲೇ ಓಡಿಸಿದರೆ ಹಚ್ಚಿದ್ದೇ ದಂಡ.

ಪಿನಿಯನ್ ವಿಷಯದಲ್ಲಿ ಇನ್ನೊಂದು ಮಾತು. ಮೋಟಾರ್ ಶಾಫ್ಟನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ. ಒಂದು ಕಡೆ ಚಪ್ಪಟೆಯಾಗಿ ಹೊಳೆಯುತ್ತದೆ. ಸ್ಕ್ರೂ ಸರಿಯಾಗಿ ಅಲ್ಲೇ ಕೂರಬೇಕು. ಗುಂಡಗಿರುವ ಕಡೆ ಕೂತರೆ ಎಷ್ಟು ಬಿಗಿದರೂ ಒಂದು ದಿನ ಜಾರಿಯೇ ಜಾರುತ್ತದೆ. ನನ್ನ ಕಾರಿನಲ್ಲಿ ಆಗಿದ್ದೂ ಅದೇ.

ಪ್ಲಾಸ್ಟಿಕ್ ಒಳಗೆ ಹೋಗುವ ಸ್ಕ್ರೂಗಳಿಗೆ ಥ್ರೆಡ್ ಲಾಕರ್ ತಾಗಿಸಬೇಡಿ. ಕೆಲವು ಪ್ಲಾಸ್ಟಿಕ್ ಅದರಿಂದಲೇ ಬಿರುಕು ಬಿಡುತ್ತದೆ. ಇಲ್ಲಿ ಕೈಯ ಹದವೇ ಮುಖ್ಯ. ಸ್ಕ್ರೂ ಇಟ್ಟು ಮೊದಲು ಉಲ್ಟಾ ತಿರುಗಿಸಿ. ಒಂದು ಹಂತದಲ್ಲಿ ಟಿಕ್ ಅಂತ ಸ್ವಲ್ಪ ಕೆಳಗಿಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಹಳೆಯ ಥ್ರೆಡ್‌ನೊಳಗೆ ಕೂತಿತು ಅಂತ ಅರ್ಥ. ಈಗ ಬಿಗಿಯಿರಿ, ತಲೆ ಒತ್ತಿ ಕೂತ ತಕ್ಷಣ ನಿಲ್ಲಿಸಿ. ಟಿಕ್ ಅನ್ನುವ ಮೊದಲೇ ಬಿಗಿದರೆ ಪ್ರತಿ ಸಲವೂ ಹೊಸ ಥ್ರೆಡ್ ಕೊರೆದು ತೂತು ದೊಡ್ಡದಾಗುತ್ತದೆ. ಥ್ರೆಡ್ ಹೋಗಿದ್ದರೆ, ಆಳ ಇರುವ ಕಡೆ ಸ್ವಲ್ಪ ಉದ್ದದ ಸ್ಕ್ರೂ ಹಾಕಬಹುದು. ಮೋಟಾರಿಗೆ ಮಾತ್ರ ಹೀಗೆ ಮಾಡಬೇಡಿ, ಉದ್ದ ಹೆಚ್ಚಾದರೆ ಒಳಗಿನ ತಂತಿ ಸುತ್ತಿಗೆ ತಾಗುತ್ತದೆ.

ಚಕ್ರಕ್ಕೆ ನೈಲಾಕ್ ನಟ್ಟು ಇರುತ್ತದೆ. ಒಳಗಿನ ನೈಲಾನ್ ಬಳೆಯೇ ಅದರ ಹಿಡಿತ. ಬರೀ ಬೆರಳಿನಲ್ಲೇ ಕೊನೆವರೆಗೂ ತಿರುಗಿದರೆ ಬಳೆ ಸವೆದಿದೆ, ನಟ್ಟು ಬದಲಿಸಿ.

ಎಲ್ಲ ಬಿಗಿದಾದ ಮೇಲೆ ಮುಖ್ಯವಾದ ಸ್ಕ್ರೂ ತಲೆಯಿಂದ ಪಕ್ಕದ ಲೋಹದವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಓಡಿಸಿದ ಮೇಲೆ ಪ್ರತಿ ಸಲ ಇದನ್ನು ನೋಡಿ, ಎರಡು ನಿಮಿಷವೂ ಬೇಡ.

ಮಳೆಗಾಲದಲ್ಲಿ ಓಡಿಸಿದರೆ ಸ್ಕ್ರೂ ತಲೆಯ ಗುಳಿಯಲ್ಲಿ ಕೆಸರು ತುಂಬಿ ಗಟ್ಟಿಯಾಗುತ್ತದೆ. ಕೀ ಅರ್ಧಕ್ಕೇ ನಿಂತು ಗುಳಿಯನ್ನು ಕೆತ್ತಿಬಿಡುತ್ತದೆ. ಕೀ ಹಾಕುವ ಮೊದಲು ಪಿನ್ನಿನಿಂದ ಮಣ್ಣು ಕೆರೆದು ತೆಗೆಯಿರಿ, ಬಟ್ಟೆಯಿಂದ ಒರೆಸಿ. ಆಮೇಲೆ ಕಾರನ್ನು ಒಲೆಯ ಹತ್ತಿರ ಅಲ್ಲ, ಫ್ಯಾನ್ ಕೆಳಗೆ ಒಣಗಲು ಇಡಿ.