ಹಳೇ ದೀಪಗಳ ಕ್ಯಾಂಡಲ್ ಲೆಕ್ಕ: ಗುಣಿಸುವ ಮುಂಚೆ ನಾನು ನೋಡಿದ್ದು

ಹಳೇ ದೀಪಗಳ ಕ್ಯಾಟಲಾಗುಗಳನ್ನು ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದೆ. ಅದರಲ್ಲಿರುವ ಬೆಳಕಿನ ಅಂಕಿಗಳನ್ನೆಲ್ಲ ಒಂದೇ ಪಟ್ಟಿಗೆ ತರಬೇಕು ಅಂತ ಆಸೆ. ಒಂದು ಕಡೆ 16 ಕ್ಯಾಂಡಲ್ ಅಂತ ಇದೆ, ಇನ್ನೊಂದು ಕಡೆ 32 ಎಚ್‌ಕೆ, ಮತ್ತೊಂದು ಕಡೆ 10 ಕಾರ್ಸೆಲ್. ಎಲ್ಲವನ್ನೂ ಕ್ಯಾಂಡೆಲಾಕ್ಕೆ (ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯ ಇವತ್ತಿನ ಅಳತೆ) ತಂದರೆ ಆಯ್ತಲ್ವಾ, ಒಂದು ಸಂಜೆಯ ಕೆಲಸ ಅಂದುಕೊಂಡೆ. ಗುಣಿಸುವುದಕ್ಕೆ ನಿಜವಾಗಲೂ ಅಷ್ಟೇ ಹೊತ್ತು ಸಾಕು. ಆದರೆ ಯಾವ ಕ್ಯಾಂಡಲ್, ದೀಪದ ಯಾವ ದಿಕ್ಕಿನಲ್ಲಿ ಅಳೆದದ್ದು ಅಂತ ಪತ್ತೆ ಮಾಡುವುದಕ್ಕೆ ವಾರಗಟ್ಟಲೆ ಹಿಡಿಯಿತು.

ಎಚ್‌ಕೆ ಅಂದರೆ ಹೆಫ್ನರ್ ಕ್ಯಾಂಡಲ್. 1884ರಲ್ಲಿ ಜರ್ಮನಿಯ ಎಂಜಿನಿಯರ್ ಹೆಫ್ನರ್ ಆಲ್ಟೆನೆಕ್ ಮಾಡಿದ ದೀಪ ಇದರ ಮೂಲ. ಅಮೈಲ್ ಅಸಿಟೇಟ್ ಉರಿಸಬೇಕು, ಬತ್ತಿ 8 ಮಿಲಿಮೀಟರ್ ದಪ್ಪ, ಜ್ವಾಲೆ ಸರಿಯಾಗಿ 40 ಮಿಲಿಮೀಟರ್ ಎತ್ತರ. ಇದು ಸುಮಾರು 0.903 ಕ್ಯಾಂಡೆಲಾ. ಹಾಗಾಗಿ 32 ಎಚ್‌ಕೆ ಅಂದರೆ 29 ಕ್ಯಾಂಡೆಲಾ ಹತ್ತಿರ. ಕಾರ್ಸೆಲ್ ಫ್ರಾನ್ಸಿನದು. ಗಂಟೆಗೆ 42 ಗ್ರಾಂ ಕೋಲ್ಜಾ ಎಣ್ಣೆ (ಸಾಸಿವೆ ಜಾತಿಯ ಬೀಜದ ಎಣ್ಣೆ) ಕುಡಿಯುವ ದೀಪ, ಸುಮಾರು 9.74 ಕ್ಯಾಂಡೆಲಾ. ಇವೆರಡಕ್ಕೆ ಹೆಸರೇ ಬೇರೆ ಇರೋದರಿಂದ ಗೊಂದಲ ಕಡಿಮೆ.

ತೊಂದರೆ ಕೊಟ್ಟಿದ್ದು ಬರೀ 'ಕ್ಯಾಂಡಲ್' ಅಂತ ಬರೆದಿರುವ ಸಾಲುಗಳು. ಬ್ರಿಟನ್ನಿನ 1860ರ ಗ್ಯಾಸ್ ಕಾಯ್ದೆಯ ಪ್ರಕಾರ ಅದು ನಿಜವಾದ ಮೇಣದಬತ್ತಿಯೇ: ತಿಮಿಂಗಿಲದ ತಲೆಯಿಂದ ಸಿಗುವ ಮೇಣದ್ದು, ಪೌಂಡಿಗೆ ಆರು ತೂಗುವಂಥದ್ದು, ಗಂಟೆಗೆ 120 ಗ್ರೇನ್ (ಸುಮಾರು 7.8 ಗ್ರಾಂ) ಉರಿಯಬೇಕು. 1909ರಲ್ಲಿ ಬ್ರಿಟನ್, ಫ್ರಾನ್ಸ್, ಅಮೆರಿಕ ಸೇರಿ ಇಂಟರ್‌ನ್ಯಾಷನಲ್ ಕ್ಯಾಂಡಲ್ ಅಂತ ಒಂದನ್ನು ಒಪ್ಪಿಕೊಂಡವು. ಇದು ಸುಮಾರು 1.02 ಕ್ಯಾಂಡೆಲಾ. ಜರ್ಮನಿ ಸೇರಲಿಲ್ಲ, ಹೆಫ್ನರ್ ಅನ್ನೇ ಇಟ್ಟುಕೊಂಡಿತು. ಆಮೇಲೆ 1948ರಲ್ಲಿ ಕ್ಯಾಂಡೆಲಾ ಬಂತು. ಅಂದರೆ ಒಂದು ಕ್ಯಾಟಲಾಗಿನಲ್ಲಿ 'ಕ್ಯಾಂಡಲ್' ಅಂತ ಇದ್ದರೆ ಮೊದಲು ವರ್ಷ ನೋಡಬೇಕು, ಆಮೇಲೆ ದೇಶ ನೋಡಬೇಕು, ಅಲ್ಲಿವರೆಗೆ ಗುಣಿಸಬಾರದು.

ನನಗೆ ತುಂಬಾ ಇಷ್ಟವಾದ ವಿಷಯ ಪ್ಲಾಟಿನಂನದು. 1881ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಜೂಲ್ ವಿಯೋಲ್, ಕರಗುವ ಬಿಸಿಯಲ್ಲಿರುವ ಪ್ಲಾಟಿನಂನ ಒಂದು ಚದರ ಸೆಂಟಿಮೀಟರ್ ಕೊಡುವ ಬೆಳಕನ್ನೇ ಅಳತೆಯಾಗಿ ಇಡೋಣ ಅಂದರು. ಅದು ಸುಮಾರು 20 ಕ್ಯಾಂಡೆಲಾ. 1948ರ ಕ್ಯಾಂಡೆಲಾಕ್ಕೂ ಪ್ಲಾಟಿನಂ, ಅದೇ ಬಿಸಿ, ಆದರೆ ಅಲ್ಲಿ ಚದರ ಸೆಂಟಿಮೀಟರಿಗೆ 60! ಯಾಕೆ ಅಂತ ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ವಿಯೋಲ್ ನೋಡಿದ್ದು ಲೋಹದ ಬರೀ ಮೈಯನ್ನು. 1948ರಲ್ಲಿ ನೋಡಿದ್ದು ಆ ಬಿಸಿಯಲ್ಲಿರುವ ಕೊಳವೆಯ ಒಳಗಿನ ಕತ್ತಲ ಪೊಳ್ಳನ್ನು. ಹೊಳೆಯುವ ಲೋಹ ಬೆಳಕನ್ನು ಹೊರಸೂಸುವುದರಲ್ಲಿ ಹಿಂದೆ, ಪೊಳ್ಳು ಪೂರ್ತಿ ಸೂಸುತ್ತದೆ. ಇದು ಅರ್ಥವಾದ ದಿನ ತುಂಬಾ ಖುಷಿಯಾಯಿತು.

ಇನ್ನು ದಿಕ್ಕಿನ ವಿಷಯ. ನಾನು ನಿಜವಾಗಿ ತಪ್ಪಿದ್ದು ಇಲ್ಲೇ. ಇವತ್ತಿನ ಬಲ್ಬಿನ ಜೊತೆ ಹೋಲಿಸಬೇಕು ಅಂದರೆ ಲ್ಯೂಮೆನ್ (ಎಲ್ಲ ದಿಕ್ಕಿಗೂ ಹೋಗುವ ಒಟ್ಟು ಬೆಳಕಿನ ಅಳತೆ) ಬೇಕು. ಎಲ್ಲ ದಿಕ್ಕಿಗೂ ಒಂದೇ ಸಮ ಬೆಳಕು ಅಂದುಕೊಂಡರೆ ಕ್ಯಾಂಡೆಲಾವನ್ನು 12.57ರಿಂದ ಗುಣಿಸಬೇಕು (ಅಂದರೆ 4 ಪೈ). 16 ಕ್ಯಾಂಡಲ್‌ನ ಇಂಗಾಲದ ತಂತಿಯ ಬಲ್ಬಿಗೆ, ಅದು ಇಂಟರ್‌ನ್ಯಾಷನಲ್ ಕ್ಯಾಂಡಲ್ ಅಂದುಕೊಂಡು ಮೊದಲು 1.02ರಿಂದ, ಆಮೇಲೆ ಹೀಗೆ ಗುಣಿಸಿ 205 ಲ್ಯೂಮೆನ್ ಅಂತ ಬರೆದುಬಿಟ್ಟೆ. ಆಮೇಲೆ ಅಂಥದ್ದೇ ಒಂದು ಹಳೇ ಬಲ್ಬನ್ನು ಕತ್ತಲ ಕೋಣೆಯಲ್ಲಿ ಹಚ್ಚಿ, ಸರಿಯಾಗಿ ಒಂದು ಮೀಟರ್ ದೂರದಲ್ಲಿ ಲಕ್ಸ್ ಮೀಟರ್ (ಮೇಲ್ಮೈ ಮೇಲೆ ಬೀಳುವ ಬೆಳಕನ್ನು ಅಳೆಯುವ ಉಪಕರಣ) ಹಿಡಿದೆ. ಆ ದೂರದಲ್ಲಿ ಲಕ್ಸ್ ಎಷ್ಟೋ ಕ್ಯಾಂಡೆಲಾ ಅಷ್ಟೇ, ಲೆಕ್ಕವೇ ಬೇಡ. ಪಕ್ಕದಿಂದ 14 ಬಂತು. ತುದಿಯ ನೇರಕ್ಕೆ ಹಿಡಿದರೆ ಬರೀ 6. ಕ್ಯಾಟಲಾಗಿನ 16 ಅಂದರೆ ಪಕ್ಕದಿಂದ ಅಳೆದದ್ದು ಅಂತ ಆಗ ಹೊಳೆಯಿತು. ಸುತ್ತಲಿನ ಸರಾಸರಿ ಅದರ 0.8ರ ಆಸುಪಾಸು ಬರುತ್ತದೆ, ಹಾಗಾಗಿ ಸರಿಯಾದ ಲೆಕ್ಕ 164 ಲ್ಯೂಮೆನ್ ಹತ್ತಿರ. ಕ್ಯಾಟಲಾಗಿನಲ್ಲಿ 'ಮೀನ್ ಸ್ಫೆರಿಕಲ್' (ಎಲ್ಲ ದಿಕ್ಕಿನ ಸರಾಸರಿ) ಅಂತ ಸ್ಪಷ್ಟವಾಗಿ ಇದ್ದರೆ ಮಾತ್ರ ನೇರವಾಗಿ 12.57 ಹಾಕಿ. ಹಿಂದೆ ಕನ್ನಡಿ ಇರುವ ಸರ್ಚ್‌ಲೈಟಿನ ಅಂಕಿಯನ್ನಂತೂ ಲ್ಯೂಮೆನ್‌ಗೆ ತರಲು ಹೋಗಲೇಬೇಡಿ, ಅದು ಕಿರಣದ ನಟ್ಟನಡುವಿನ ತೀವ್ರತೆ ಮಾತ್ರ.

ಫುಟ್ ಕ್ಯಾಂಡಲ್ ಹೆಸರಲ್ಲಿ ಕ್ಯಾಂಡಲ್ ಇದ್ದರೂ ಈ ಪಟ್ಟಿಗೆ ಸೇರುವುದಿಲ್ಲ. ಅದು ಮೇಲ್ಮೈ ಮೇಲೆ ಬೀಳುವ ಬೆಳಕು, 10.76 ಲಕ್ಸ್. ಅವನ್ನು ಬೇರೆ ಹಾಳೆಗೆ ಹಾಕಿದೆ.

ಈಗ ನನ್ನ ಪಟ್ಟಿಯಲ್ಲಿ ಮೂಲ ಅಂಕಿ, ಮೂಲ ಹೆಸರು, ವರ್ಷ, ದೇಶ, ದಿಕ್ಕು, ಇವಕ್ಕೆಲ್ಲ ಬೇರೆ ಬೇರೆ ಕಾಲಂ ಇದೆ, ಕ್ಯಾಂಡೆಲಾ ಕೊನೆಯದು. ಮೂಲವನ್ನು ಯಾವತ್ತೂ ಅಳಿಸುವುದಿಲ್ಲ. ಉತ್ತರದಲ್ಲಿ ಎರಡೇ ಅಂಕಿ ಇಡುತ್ತೇನೆ. ಹೆಫ್ನರ್ ಜ್ವಾಲೆ ಗಾಳಿಯ ತೇವಕ್ಕೇ ಏರಿಳಿಯುತ್ತಿತ್ತು, ಜೊತೆಗೆ ಆ 0.903 ಕೂಡ ದೀಪದ ಬಣ್ಣ ಬದಲಾದರೆ ಸ್ವಲ್ಪ ಬದಲಾಗುತ್ತದೆ, ಹಾಗಿರುವಾಗ 28.896 ಅಂತ ಬರೆಯುವುದು ಸುಳ್ಳು ಹೇಳಿದ ಹಾಗೆ. ವರ್ಷವೂ ಇಲ್ಲದ, ದೇಶವೂ ತಿಳಿಯದ ಒಂಬತ್ತು ಸಾಲು ಉಳಿದಿವೆ. ಅವುಗಳ ಕ್ಯಾಂಡೆಲಾ ಕಾಲಂ ಖಾಲಿ ಬಿಟ್ಟಿದ್ದೇನೆ.