ಜಪಾನ್ ಪರಿಚಯಕ್ಕೆ ಒಂದು ಕಾಗದದ ಮೀನು

ಮಕ್ಕಳಿಗೆ ಜಪಾನ್ ಬಗ್ಗೆ ಹೇಳಬೇಕಾ? ಭೂಪಟ ಬಿಚ್ಚುವ ಮೊದಲು ಕೊಯಿನೊಬೊರಿ ಮಾಡಿಸಿ. ಕಾರ್ಪ್ ಮೀನಿನ ಆಕಾರದ ಗಾಳಿಚೀಲ ಅದು. ಮೇ 5ರ ಮಕ್ಕಳ ದಿನಕ್ಕೆ ಅಲ್ಲಿ ಕಂಬಕ್ಕೆ ಕಟ್ಟಿ ಹಾರಿಸುತ್ತಾರೆ.

ತೆಳು ಕಾಗದದ ಮೇಲೆ ಕಣ್ಣು, ಹುರುಪೆ ಬರೆಸಿ. ಕೊಳವೆಯಂತೆ ಸುತ್ತಿ ಅಂಟಿಸಿ. ಬಾಯಿಗೆ ರಟ್ಟಿನ ಬಳೆ ಬೇಕೇ ಬೇಕು. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಮೀನು ಸುಮ್ನೆ ಜೋತುಬೀಳುತ್ತದೆ. ಬಾಲದ ತುದಿ ತೆರೆದೇ ಇರಲಿ, ಗಾಳಿ ಹೊರಗೆ ಹೋಗಬೇಕು ಅಲ್ವಾ? ಬಾಯಿಯ ಬಳೆಯಲ್ಲಿ ಸಮ ಅಂತರದಲ್ಲಿ ಮೂರು ತೂತು ಮಾಡಿ, ದಾರವನ್ನು ಅವಕ್ಕೆ ಕಟ್ಟಿ.

ಮೀನೇ ಯಾಕೆ ಅಂತ ಅವರೇ ಕೇಳಲಿ, ಆಗ ಕಥೆ ಹೇಳಿ. ಜಲಪಾತ ಏರಿದ ಕಾರ್ಪ್ ಡ್ರ್ಯಾಗನ್ ಆಯಿತಂತೆ! ಚೀನಾದಿಂದ ಬಂದ ಕಥೆ ಇದು. ಸಾಮಾನ್ಯವಾಗಿ ದೊಡ್ಡ ಕಪ್ಪು ಮೀನು ಅಪ್ಪ, ಕೆಂಪು ಮೀನು ಅಮ್ಮ, ಚಿಕ್ಕವು ಮಕ್ಕಳು. ಮನೆಯವರಿಗೆಲ್ಲ ಒಂದೊಂದು ಮಾಡಲಿ, ಅವಸರ ಮಾಡಬೇಡಿ.