ಹುಡುಗರ ಅಡ್ಮಿನ್ ಅಧಿಕಾರ ತೆಗೆದೆ, ಸಂಜೆಗೆ ಬಿಲ್ಲುಗಳು ಕಾಣಲಿಲ್ಲ

ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ. ಕೌಂಟರ್ ಸಿಸ್ಟಮ್‌ನಲ್ಲಿ ಬೆಳಿಗ್ಗೆ ಒಬ್ಬ ಹುಡುಗ, ಸಂಜೆ ಒಬ್ಬ ಹುಡುಗಿ ಕೂರುತ್ತಾರೆ. ವಿಂಡೋಸ್ 10. ಇಬ್ಬರಿಗೂ ಒಂದೇ ಅಕೌಂಟ್ ಇತ್ತು, ಅದೂ ಅಡ್ಮಿನ್, ಅಂದರೆ ಯಾವ ಪ್ರೋಗ್ರಾಂ ಬೇಕಾದರೂ ಹಾಕುವ ಪೂರ್ತಿ ಅಧಿಕಾರ ಇರುವಂಥದ್ದು.

ಒಂದು ದಿನ ಗಿರಾಕಿಯೊಬ್ಬರು ಲಗ್ನಪತ್ರಿಕೆಯ ಪಿಡಿಎಫ್ ತಂದರು. ಅದನ್ನು ವರ್ಡ್‌ಗೆ ಬದಲಿಸಲು ಹುಡುಗ ಯಾವುದೋ ಫ್ರೀ ಕನ್ವರ್ಟರ್ ಇಳಿಸಿಕೊಂಡ. ಪರದೆ ಮಬ್ಬಾಗಿ ಎಸ್ ಅಥವಾ ನೋ ಅಂತ ಕೇಳಿತು, ಎಸ್ ಒತ್ತಿದ. ಅದರ ಜೊತೆ ಇನ್ನೇನೇನೋ ಬಂದು ಕೂತವು, ಬ್ರೌಸರ್ ತೆರೆದರೆ ಬರೀ ಜಾಹೀರಾತು, ಕೊನೆಗೆ ಫಾರ್ಮ್ಯಾಟ್ ಮಾಡಿ ನುಡಿ, ಪ್ರಿಂಟರ್ ಡ್ರೈವರ್ ಎಲ್ಲ ಮತ್ತೆ ಹಾಕುವಷ್ಟರಲ್ಲಿ ಎರಡು ದಿನ ಹೋಯಿತು. ಹುಡುಗನದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಮಾತೆತ್ತಿದರೆ ಎಸ್ ಒತ್ತಿಸಿಕೊಳ್ಳುವ ಅಕೌಂಟ್ ಕೊಟ್ಟವನು ನಾನೇ ಅಲ್ವಾ.

ಆ ಮಬ್ಬು ಪರದೆ ವಿಂಡೋಸ್ ವಿಸ್ತಾ ಕಾಲದಿಂದ ಇದೆ. ಅಡ್ಮಿನ್ ಅಕೌಂಟ್‌ಗೆ ಅದು ಸುಮ್ನೆ ಎಸ್, ನೋ ಕೇಳುತ್ತದೆ. ಸ್ಟ್ಯಾಂಡರ್ಡ್, ಅಂದರೆ ಆ ಅಧಿಕಾರ ಇಲ್ಲದ ಸಾದಾ ಅಕೌಂಟ್ ಆದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ನನಗೆ ಬೇಕಿದ್ದದ್ದು ಇದೇ. ಮೊದಲು ನನಗೊಂದು ಹೊಸ ಅಡ್ಮಿನ್ ಅಕೌಂಟ್ ಮಾಡಿ, ಪಾಸ್‌ವರ್ಡ್ ಹಾಕಿ, ಒಂದು ಸಲ ಲಾಗಿನ್ ಆಗಿ ನೋಡಿದೆ. ಈ ಕ್ರಮ ತಪ್ಪಿಸಬೇಡಿ. ಆಮೇಲೆ ಹಳೆಯ ಅಕೌಂಟನ್ನು ಸ್ಟ್ಯಾಂಡರ್ಡ್ ಮಾಡಿ ಹುಡುಗನಿಗೆ ಬಿಟ್ಟೆ, ಹುಡುಗಿಗೆ ಬೇರೆ ಮಾಡಿಕೊಟ್ಟೆ.

ಸಮಸ್ಯೆ ಬಂದದ್ದು ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ. ಹಳೇ 32 ಬಿಟ್ ಪ್ರೋಗ್ರಾಂ ಅದು. 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಟಿಕ್ ಇದ್ದದ್ದರಿಂದ ತೆರೆದಾಗಲೆಲ್ಲ ಪಾಸ್‌ವರ್ಡ್ ಕೇಳಿತು. ಟಿಕ್ ತೆಗೆದೆ. ತೊಂದರೆ ಇಲ್ಲದೆ ಓಡಿತು, ಖುಷಿಯಾಯಿತು. ಮರುದಿನ ಸಂಜೆ ಹುಡುಗಿ ಕರೆದು, "ಅಣ್ಣಾ, ಬೆಳಿಗ್ಗೆ ಹಾಕಿದ ಬಿಲ್ ಒಂದೂ ಇಲ್ಲ" ಅಂದಳು. ಹುಡುಗನ ಅಕೌಂಟ್‌ನಲ್ಲಿ ನೋಡಿದರೆ ಎಲ್ಲ ಇವೆ, ಆದರೆ ಅಲ್ಲಿ ಇವಳ ಬಿಲ್ ಇಲ್ಲ!

ಕಾರಣ ಹುಡುಕಲು ಒಂದು ರಾತ್ರಿ ಹಿಡಿಯಿತು. ಆ ಪ್ರೋಗ್ರಾಂ ತನ್ನ ಡೇಟಾವನ್ನು, ಪ್ರೋಗ್ರಾಂಗಳೆಲ್ಲ ಕೂರುವ 'ಪ್ರೋಗ್ರಾಂ ಫೈಲ್ಸ್' ಫೋಲ್ಡರ್ ಒಳಗೇ ಬರೆಯುತ್ತಿತ್ತು. ಸ್ಟ್ಯಾಂಡರ್ಡ್ ಅಕೌಂಟ್‌ಗೆ ಅಲ್ಲಿ ಬರೆಯುವ ಪರ್ಮಿಷನ್ ಇಲ್ಲ. ಇಂಥ ಹಳೇ ಪ್ರೋಗ್ರಾಂ ನಿಂತುಹೋಗದಿರಲಿ ಅಂತ ವಿಂಡೋಸ್ ಎರರ್ ಕೊಡದೆ, ಆ ಫೈಲಿನ ಕಾಪಿಯೊಂದನ್ನು ಆಯಾ ಯೂಸರ್‌ನ ಆಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಫೋಲ್ಡರ್‌ನಲ್ಲಿ ಇಟ್ಟು ಅದರಲ್ಲಿ ಬರೆಸುತ್ತದೆ. ಹಾಗಾಗಿ ಇಬ್ಬರದೂ ಬೇರೆ ಬೇರೆ ಲೆಕ್ಕದ ಪುಸ್ತಕ ಆಗಿತ್ತು.

ಇಬ್ಬರನ್ನೂ ಮತ್ತೆ ಅಡ್ಮಿನ್ ಮಾಡಿಬಿಡೋಣ ಅಂತ ಆ ಹೊತ್ತಿಗೆ ಅನ್ನಿಸಿದ್ದು ನಿಜ. ಮಾಡಲಿಲ್ಲ. ಸಾಫ್ಟ್‌ವೇರ್‌ನ ಡೇಟಾ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯೂರಿಟಿ, ಎಡಿಟ್, ಅಲ್ಲಿ ಯೂಸರ್ಸ್ ಗುಂಪಿಗೆ ಮಾಡಿಫೈ ಟಿಕ್. ಅದೊಂದು ಫೋಲ್ಡರ್‌ಗೆ ಮಾತ್ರ. ಪ್ರೋಗ್ರಾಂ ಫೈಲ್ಸ್ ಪೂರ್ತಿ ತೆರೆದುಬಿಟ್ಟರೆ ಯಾವ ವೈರಸ್ ಬೇಕಾದರೂ ಅಲ್ಲಿನ ಪ್ರೋಗ್ರಾಂ ಬದಲಿಸಬಹುದು, ಆಗ ಇಷ್ಟೆಲ್ಲ ಮಾಡಿಯೂ ಏನು ಬಂತು?

ಅಷ್ಟಾದರೂ ಬಿಲ್ ಸೇರಲಿಲ್ಲ. ವರ್ಚುವಲ್‌ಸ್ಟೋರ್‌ನಲ್ಲಿ ಕಾಪಿ ಇದ್ದರೆ ಪ್ರೋಗ್ರಾಂಗೆ ಮೊದಲು ಅದೇ ಸಿಗುತ್ತದೆ. ಎರಡೂ ಕಾಪಿಗಳನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು, ಹುಡುಗನದನ್ನು ಅಸಲಿ ಫೋಲ್ಡರ್‌ಗೆ ತಂದು, ವರ್ಚುವಲ್‌ಸ್ಟೋರ್‌ನಲ್ಲಿದ್ದ ಎರಡನ್ನೂ ಅಳಿಸಿದೆ. ಹುಡುಗಿಯ ಬಿಲ್ಲುಗಳನ್ನು ಕೂತು ಕೈಯಲ್ಲೇ ಮತ್ತೆ ಟೈಪ್ ಮಾಡಿದೆವು.

ಇದರಿಂದ ಎಲ್ಲವೂ ಭದ್ರ ಅಂತಲ್ಲ. ಯೂಸರ್ ಬರೆಯಬಲ್ಲ ಫೈಲನ್ನು ರಾನ್ಸಮ್‌ವೇರ್, ಅಂದರೆ ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್, ಕೂಡ ಲಾಕ್ ಮಾಡಬಲ್ಲದು. ಅದಕ್ಕೇ ಬ್ಯಾಕಪ್ ಫೋಲ್ಡರ್‌ನಲ್ಲಿ ಹುಡುಗರಿಗೆ ಓದುವ ಪರ್ಮಿಷನ್ ಮಾತ್ರ ಇಟ್ಟಿದ್ದೇನೆ, ಭಾನುವಾರ ನಾನೇ ಹೊರಗಿನ ಹಾರ್ಡ್ ಡಿಸ್ಕ್‌ಗೂ ಒಂದು ಕಾಪಿ ತೆಗೆದು ಕೇಬಲ್ ಬಿಚ್ಚಿಡುತ್ತೇನೆ. ಹೋದ ತಿಂಗಳು ಹರಿಹರದಲ್ಲಿ ಮದುವೆಯಲ್ಲಿದ್ದಾಗ ಪ್ರಿಂಟರ್ ಡ್ರೈವರ್‌ಗೆ ಅಂತ ಹುಡುಗ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದ. ಗಿರಾಕಿ ಕಾಯುತ್ತಿದ್ದರು, ಹೇಳಿದೆ. ರಾತ್ರಿ ಊಟ ಮಾಡುವುದಕ್ಕೂ ಮೊದಲು ಅಂಗಡಿಗೆ ಹೋಗಿ ಅದನ್ನು ಬದಲಿಸಿ ಬಂದೆ.